ಪುಂಡಿ ನಾರಿನ ಕಂಬಳಿ

ಎಳೆ ಮತ್ತೆ ಹರಿಯಿತು. ಹುಲುಗಮ್ಮ ಕದಿರನ್ನು ನೆಲಕ್ಕೆ ಕುಕ್ಕಿ, ಕೈಯಲ್ಲಿದ್ದ, ನೂಲಲೆಂದು ಹಿಂಜಿದ ಹಂಜಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಕರಿ ಉಣ್ಣೆ ತನ್ನ ಪಾಡಿಗೆ ಸುರುಳಿ ಸುತ್ತಿಕೊಂಡಿತ್ತು, ಪುಂಡಿ ನಾರು ತನ್ನ ಪಾಡಿಗೆ ನೆಟ್ಟಗೆ ನಿಂತಿತ್ತು. ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದೇ ಮನೆಯಲ್ಲಿದ್ದರೂ ಒಂದನ್ನೊಂದು ಮುಟ್ಟುತ್ತಿರಲಿಲ್ಲ.

“ಹಗ್ಗ ಹೊಸೀಲೇ. ಎಮ್ಮಿ ಕಟ್ಟಾಕಾರ ಬರ್ತೈತಿ,” ಎಂದ ಗಂಡ ಮುದುಕಪ್ಪ, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಲ್ಲಿಂದಲೇ.

“ನಿಮ್ ಬಾಯಿ ಕಟ್ಟಾಕೂ ಆಗ್ತೈತಿ. ಸುಮ್ನಿರ್ರಿ.”

ಆ ವರ್ಷ ದರೋಜಿಯ ಕುರುಬರ ಮನೆಗಳಲ್ಲಿ ಉಣ್ಣೆಯೇ ಇರಲಿಲ್ಲ. ಯುದ್ಧಕ್ಕೆ ಹೋದ ದಂಡಿಗೆ ಕಂಬಳಿ ಬೇಕೆಂದು ಗುತ್ತಿಗೆದಾರನೊಬ್ಬ ಬಂದು, ಕುರಿಯ ಮೈಮೇಲಿಂದ ಕತ್ತರಿಸಿ ಹಾಕಿದ್ದನ್ನು ಹಾಗೆಹಾಗೇ ಮೂಟೆ ಕಟ್ಟಿಸಿಕೊಂಡು ಹೋಗಿದ್ದ. ಹುಲುಗಮ್ಮನ ಮನೆಯಲ್ಲಿ ಉಳಿದದ್ದು ಹಿಂದಿನ ವರ್ಷ ಉದ್ದಕ್ಕೆ ಕಟ್ಟುವ ಹಾಸಿನ ಎಳೆಗೆಂದು ನೂತಿಟ್ಟ ನೂಲು, ಜೊತೆಗೆ ಒಂದು ಪುಟ್ಟಿ ಉಣ್ಣೆ. ಅಡ್ಡ ಹೊಡೆಯುವ ಹೊಕ್ಕಿಗೆ ಅದು ಅರ್ಧಕ್ಕೂ ಸಾಲದು.

ಬಾಣಂತನಕ್ಕೆ ಬಂದಿದ್ದ ಮಗಳು ಗಾಳೆಮ್ಮ ಅಮಾವಾಸ್ಯೆ ಕಳೆದ ಕೂಡಲೇ ಕೂಸಿನೊಂದಿಗೆ ಗಂಡನ ಊರಾದ ವಡ್ಡಿಗೆ ಹೊರಡುವವಳು. ಚೊಚ್ಚಲ ಕೂಸು ಅಪ್ಪನ ಮನೆಯ ಹೊಸ್ತಿಲು ದಾಟುವುದು ತವರಿನಲ್ಲಿ ನೇಯ್ದ ಹೊಸ ಕಂಬಳಿಯೊಳಗೆ. ಎರಡೂ ಮನೆಯಲ್ಲಿ ನಡೆದುಬಂದ ಪದ್ಧತಿ. ನೇಯುವವರ ಮನೆಯ ಹುಡುಗಿ ಬರಿಗೈಲಿ ಹೋದರೆ ಅವಳ ಅತ್ತೆ ಉಚ್ಚೆಂಗಮ್ಮ ಬಿಟ್ಟಾಳೆಯೇ? ಆ ಹೆಂಗಸಿನ ನಾಲಿಗೆಗೆ ಮೂಳೆಯಿಲ್ಲವೆಂದು ಸಂಡೂರಿನ ಬೆಟ್ಟದ ಆಚೆಗೂ ಹೆಸರಿತ್ತು. ಅದಕ್ಕೇ ಹುಲುಗಮ್ಮ ಅಟ್ಟದ ಮೇಲಿನ ಪುಂಡಿ ನಾರಿಗೆ ಕೈ ಹಾಕಿದ್ದಳು. ಸೊಪ್ಪು ಪಲ್ಯಕ್ಕೆ ಮುಗಿದ ಮೇಲೆ ಕಡ್ಡಿಯನ್ನು ಕೆರೆಯಂಚಿನಲ್ಲಿ ಕೊಳೆಹಾಕಿ ಸುಲಿದದ್ದು. ಅದರ ನಾತ ಇನ್ನೂ ಪೂರ್ತಿ ಹೋಗಿರಲಿಲ್ಲ.

ಮಾರನೆಯ ದಿನ ಮಗಳ ತಲೆ ಬಾಚುವಾಗ ಹಣೆಯ ಮೇಲಿನ ಮೋಟು ಕೂದಲು ಜಡೆಗೆ ಸಿಗದೆ ಜಾರಿ ಜಾರಿ ಈಚೆ ಬಂದವು. ಹುಲುಗಮ್ಮ ಬಾಚಣಿಗೆ ಹಿಡಿದಂತೆಯೇ ನಿಂತುಬಿಟ್ಟಳು.

“ಯಾಕವ್ವಾ? ಹೇನು ಸಿಕ್ತೇನು?”

“ಉದ್ದ ಬ್ಯಾರೆ, ಮೋಟು ಬ್ಯಾರೆ ಆದ್ರ ಹೆಂಗ ಕೂಡ್ತಾವು? ಎದ್ದೇಳು, ಜಡಿ ಆಮ್ಯಾಲ ಹಾಕ್ತೀನಿ.”

ನಾರನ್ನು ಉಣ್ಣೆಯಷ್ಟೇ ಗಿಡ್ಡಕ್ಕೆ ಕತ್ತರಿಸಿದಳು. ಒರಳಿಗೆ ಹಾಕಿ ಒನಕೆಯಿಂದ ಮೆತ್ತಗಾಗುವ ತನಕ ಕುಟ್ಟಿದಳು. ಉಣ್ಣೆಯೊಂದಿಗೆ ಸೇರಿಸಿ ಬಿಲ್ಲಿನಿಂದ ಹಿಂಜಿದಾಗ ಎರಡೂ ಒಂದರೊಳಗೊಂದು ಹೊಕ್ಕವು. ಕದಿರು ತಿರುಗಿತು, ಎಳೆ ಹರಿಯಲಿಲ್ಲ. ಒರಟೇ, ಆದರೂ ಎಳೆ. ಮುದುಕಪ್ಪ ಅದನ್ನು ಎಳೆದು ನೋಡಿದ, ಹಲ್ಲಲ್ಲಿ ಕಚ್ಚಿ ನೋಡಿದ, ತಲೆಯಾಡಿಸಿದ. ಅವನ ಮಟ್ಟಿಗೆ ಅದೇ ಶಹಬ್ಬಾಸ್.

“ಉಳಿದ ಉಣ್ಣಿನೂ ಎಲ್ಲಾ ಇದ್ರಾಗ ಬೆರಸು. ಹೊಕ್ಕು ಪೂರಾ ಒಂದ ಸಮ ಇರ್ಲಿ,” ಎಂದ.

“ಬ್ಯಾಡ. ಎರಡೂ ತುದೀಗೆ ಬರೇ ಉಣ್ಣಿ ಹೊಡೀರಿ, ನಾರು ನಡುವಿರ್ಲಿ. ಮಡಿಚಿಟ್ರ ತುದಿ ಅಷ್ಟ ಕಾಣ್ತೈತಿ. ಬೀಗ್ತಿ ಮುಟ್ಟಿ ನೋಡಾದೂ ಅಲ್ಲೇ.”

“ಲೇ, ಹಂಗ ಮಾಡಬಾರ್ದು…”

“ನನ್ ಮಗಳು ಮಾತು ಕೇಳಬೇಕಾ? ಹೊಡೀರಿ ಅಂದ್ರ ಹೊಡೀರಿ.”

ಅವನು ಹೊಡೆದ. ಯಾಕೆ ಮಾಡಬಾರದೆಂದು ಬಿಡಿಸಿ ಹೇಳಲು ಅವನಿಗೂ ಬರಲಿಲ್ಲ. ನಾರು ಬೆರೆತ ಕಂಬಳಿಯನ್ನು ಅವನ ಅಪ್ಪನೂ ನೇಯ್ದಿರಲಿಲ್ಲ. ಮಗ್ಗದ ಮೇಲಿರುವಾಗ ಅದು ಹಲಗೆಯ ಹಾಗೆ ಸಮನಾಗಿ, ಚೆಂದವಾಗಿಯೇ ಕಂಡಿತು.

ಮಗ್ಗದಿಂದ ಇಳಿದ ಕಂಬಳಿಯನ್ನು ನೀರಿನಲ್ಲಿ ನೆನೆಸಿ ತುಳಿಯಬೇಕು. ತುಳಿದಷ್ಟೂ ಉಣ್ಣೆ ಕುಗ್ಗಿ ದಟ್ಟವಾಗುತ್ತದೆ. ಮಗಳನ್ನು ಕರೆದೊಯ್ಯಲು ಬೀಗರ ಬಂಡಿ ಬರುವ ದಿನ ಬೆಳಿಗ್ಗೆ ಹುಲುಗಮ್ಮ ಸೀರೆ ಎತ್ತಿಕಟ್ಟಿ ಕೆರೆಯ ಬಂಡೆಯ ಮೇಲೆ ತುಳಿದಳು. ಹಿಂಡಿ, ಹಾಸಿ ನೋಡಿದಳು. ಎರಡೂ ತುದಿಗಳು ಎಂದಿನಂತೆ ಕುಗ್ಗಿದ್ದವು. ನಡುಭಾಗವನ್ನು ನಾರು ಕುಗ್ಗಲು ಬಿಟ್ಟಿರಲಿಲ್ಲ. ಕಂಬಳಿ ನಡುವಿನಲ್ಲಿ ಹೊಟ್ಟೆಯ ಹಾಗೆ ಉಬ್ಬಿ ಕೂತಿತ್ತು.

ಮನೆಯ ಮುಂದೆ ಗಂಡ ಹೆಂಡತಿ ಒಂದೊಂದು ತುದಿ ಹಿಡಿದು ಜಗ್ಗಿದರು. ಅಂಚಿಗೆ ಗೂಟ ಬಡಿದರು. ಮೇಲೆ ಕಲ್ಲು ಹೇರಿದರು. ಕಲ್ಲು ತೆಗೆದರೆ ಮತ್ತೆ ಅದೇ ಉಬ್ಬು.

“ಹೇಳಿದ್ದೆ,” ಎಂದ ಮುದುಕಪ್ಪ.

“ಏನ್ ಹೇಳಿದ್ರಿ? ಮಾಡಬಾರ್ದು ಅಂದ್ರಿ, ಯಾಕ ಅಂತ ಹೇಳಿದ್ರೇನು?” ಅವಳು ಕಲ್ಲನ್ನು ಎತ್ತಿ ಬೇಲಿಯ ಆಚೆ ಎಸೆದಳು. ಕೋಳಿಗಳು ಚದುರಿದವು. ಒಳಗೆ ಕೂಸು ಎಚ್ಚೆತ್ತು ಅತ್ತಿತು.

ಆ ಹೊತ್ತಿಗೆ ಸರಿಯಾಗಿ ಬಂಡಿ ಬಂತು. ಉಚ್ಚೆಂಗಮ್ಮ ಇಳಿದವಳೇ ನೀರನ್ನೂ ಕೇಳದೆ ಕಂಬಳಿಯ ಸುತ್ತ ಒಂದು ಸುತ್ತು ಹಾಕಿದಳು.

“ಏನ್ ಬೀಗ್ತಿ, ನಿಮ್ ಮಗಳು ಹಡದ್ಲು ಅಂತ ಬಂದ್ರ, ಕಂಬಳಿ ಬಸುರಾಗೇತಲ್ಲ! ಇದಕ್ಕ ಯಾವಾಗ ಕುಬುಸದ ಶಾಸ್ತ್ರ?”

ಬಂಡಿ ಹೊಡೆಯುವವನು ನಕ್ಕ. ಮುದುಕಪ್ಪನೂ ತಡೆಯಲಾರದೆ ಮುಖ ಆ ಕಡೆ ತಿರುಗಿಸಿದ. ಬಾಗಿಲಲ್ಲಿ ಕೂಸು ಎತ್ತಿಕೊಂಡು ನಿಂತಿದ್ದ ಗಾಳೆಮ್ಮ ಮಾತ್ರ ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯನ್ನು ಹುಲುಗಮ್ಮ ನೋಡಿದಳು. ಯಾವ ಮಾತು ತಪ್ಪಿಸಲು ಇಷ್ಟೆಲ್ಲ ಮಾಡಿದಳೋ ಆ ಮಾತು ತನ್ನ ಅಂಗಳಕ್ಕೇ ಬಂದಿತ್ತು.

ಅವಳು ಒಳಗೆ ಹೋಗಿ ಕುರಿ ಕತ್ತರಿಸುವ ಕತ್ತರಿ ತಂದಳು.

“ಏ, ಏ! ನೇಯ್ದ ಕಂಬಳಿಗೆ ಕತ್ತರಿ ಹಾಕಬಾರ್ದು!” ಮುದುಕಪ್ಪ ಕೂಗಿಕೊಂಡ.

ಹುಲುಗಮ್ಮ ಕೇಳಲಿಲ್ಲ. ಒದ್ದೆ ಉಣ್ಣೆ ಕತ್ತರಿಗೆ ಸುಲಭವಾಗಿ ಬಗ್ಗದು. ಹಲ್ಲು ಕಚ್ಚಿ, ಒಂದು ತುದಿ, ಆಮೇಲೆ ಇನ್ನೊಂದು ತುದಿ, ತಾನು ಮೆರೆಸಬೇಕೆಂದಿದ್ದ ಅಪ್ಪಟ ಉಣ್ಣೆಯ ಎರಡೂ ತುದಿಗಳನ್ನು ಕತ್ತರಿಸಿ ಬದಿಗೆಸೆದಳು. ನಡುವಿನ ತುಂಡು ನೆಲದ ಮೇಲೆ ಚಪ್ಪಟೆಯಾಗಿ ಮಲಗಿತು.

“ನೋಡ್ರಿ ಬೀಗ್ತಿ. ಇದ್ರಾಗ ಪುಂಡಿ ನಾರೈತಿ. ಮುಚ್ಚಿಡಾಕ ಹೋಗಿ ಹಿಂಗಾತು. ನಗಾದಿದ್ರ ನನ್ ಮುಂದ ನಗ್ರಿ, ಅಲ್ಲಿ ಹೋಗಿ ಹುಡುಗಿ ಮುಂದ ಬ್ಯಾಡ.”

ಉಚ್ಚೆಂಗಮ್ಮ ಬಾಗಿ, ಬಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. “ಚುಚ್ತೈತಿ,” ಎಂದಳು. ಆಮೇಲೆ, “ಒಳಗ ಹಳೇ ಸೀರಿ ಹಾಸಿದ್ರಾತು. ಜಲ್ದಿ ಮಾಡವ್ವಾ, ಬಿಸ್ಲು ಏರಾಕತ್ತೈತಿ.”

ಕತ್ತರಿಸಿದ ಕಡೆ ಹಾಸಿನ ಎಳೆಗಳು ಬಿಚ್ಚಿಕೊಳ್ಳತೊಡಗಿದ್ದವು. ಹುಲುಗಮ್ಮ ಕುಕ್ಕರುಗಾಲಲ್ಲಿ ಕೂತು ಒಂದೊಂದು ಹಿಡಿಗೂ ಗಂಟು ಹಾಕುತ್ತಾ ಹೋದಳು. ಒದ್ದೆ ಎಳೆ ಬೆರಳಿಂದ ಜಾರಿತು. ಹಾಳಾದ್ದು, ಹಾಳಾದ್ದು ಎಂದು ಗೊಣಗಿದಳು. ಒಂದು ಬದಿ ಮುಗಿದು ಇನ್ನೊಂದು ಬದಿ ಅರ್ಧವಾಗಿತ್ತು. ಗಾಳೆಮ್ಮ ಬಗ್ಗಿ ಅವಳ ಕೈಯಿಂದ ಅದನ್ನು ಬಿಡಿಸಿಕೊಂಡಳು.

“ಸಾಕು ಬಿಡವ್ವಾ. ಚೊಲೋ ಐತಿ.”

“ಏನ್ ಚೊಲೋ! ಬಿಚ್ಚಿಕೊಂಡು ಹೊಂಟೈತಿ ಅದು.”

ಬಂಡಿ ಹೊರಟಿತು. ಉಣ್ಣೆಯ ಎರಡು ತುಂಡುಗಳನ್ನು ತುಳಿದುಕೊಂಡೇ ಹುಲುಗಮ್ಮ ಅದರ ಹಿಂದೆ ಬೇಲಿಯ ತನಕ ಓಡಿದಳು.

“ಗಂಟು ಹಾಕ್ಕೊಂತ ಹೋಗ! ಒಣಗಿದ ಮ್ಯಾಲ ಹೊದಸು, ಕೂಸಿಗೆ ಥಂಡಿ ಆದೀತು! ಕೇಳ್ತೇನು?”

ಗಾಲಿಗಳ ಸದ್ದಿನಲ್ಲಿ ಮಗಳು ಏನೋ ಅಂದಳು. ಹುಲುಗಮ್ಮನಿಗೆ ಕೇಳಿಸಲಿಲ್ಲ.