ಒಂದು–ಒಂದು

ಮಲಗಿಸಿದ್ದ ಗಂಡನ ಅಂಗಿಯ ಜೇಬಿನ ಗುಂಡಿ ತೂತಿಗೆ ಹೋಗಲೊಲ್ಲದು. ಅವಳು ಮತ್ತೆ ಮತ್ತೆ ಒತ್ತುವುದನ್ನು ನೋಡಲಾಗದೆ ನಾದಿನಿ ಕೈಹಿಡಿದಳು.

"ಬಿಡಿ ಅತ್ತಿಗೆ. ಅಣ್ಣ ಬದುಕಿದ್ದಾಗ್ಲೂ ಅದನ್ನ ಹಾಕಿದ್ದಿಲ್ಲ."

ನಿಜವೇ. ಚೀಟಿ ಹಾಕಲು ಆ ಜೇಬು ಸದಾ ತೆರೆದೇ ಇರಬೇಕಿತ್ತು. ಜೀವಮಾನವೆಲ್ಲ ಬೀಗ ರಿಪೇರಿ ಮಾಡಿದವನನ್ನು ಅಂಗಳದಲ್ಲಿ ಕೂತವರು ನೆನೆಯುತ್ತಿದ್ದುದು ಅವನ ಹುಚ್ಚಿಗಾಗಿ. ದೇಶದೇಶಗಳ ಫುಟ್‌ಬಾಲ್ ಸ್ನೇಹಪಂದ್ಯಗಳ ಫಲಿತಾಂಶ ಕೂಡಿಡುವ ಹುಚ್ಚು! ಕಪ್ಪಿಲ್ಲ, ಅಂಕವಿಲ್ಲ, ಆಟಕ್ಕುಂಟು, ಲೆಕ್ಕಕ್ಕಿಲ್ಲ. ಪಂದ್ಯಕ್ಕೊಂದು ಚೀಟಿ, ಕೀಲಿಕೈ ಇಡುವ ಖಾನೆಗಳ ತುಂಬ. ಸಂಜೆ ಅವನ್ನು ಹರಡಿಕೊಂಡು, ಯಾವ ದೇಶ ಯಾರಲ್ಲಿಗೆ ಹೋಗಿ ಆಡಿತು, ಯಾರು ತಿರುಗಿ ಕರೆಯಲೇ ಇಲ್ಲ ಎಂದು ನೆಂಟರ ಸುದ್ದಿಯಂತೆ ಹೇಳುತ್ತಿದ್ದ. ಇಲ್ಲದ ಉಸಾಬರಿ ಎಂದು ಅವಳು ಬೈಯುತ್ತಿದ್ದಳು. ಆದರೆ ಎರಡು ಕಡೆ ಖಾತ್ರಿಯಾಗದೆ ಅವನು ಒಂದು ಚೀಟಿಯನ್ನೂ ಬರೆದವನಲ್ಲ.

*

ಆಸ್ಪತ್ರೆಯಲ್ಲಿ ಅವನ ಕಣ್ಣು ಮಂಜಾಗಿತ್ತು. ಎರಡು ಪುಟ್ಟ ದ್ವೀಪಗಳ ಪಂದ್ಯವಂತೆ, ಏನಾಯಿತು ನೋಡು ಎಂದು ಪ್ರಾಣ ತಿಂದ. ಫೋನಿನಲ್ಲಿ ಎಷ್ಟು ತಡಕಿದರೂ ಅವಳಿಗೆ ಸಿಗಲಿಲ್ಲ. ಅವನು ಊಟ ಮುಟ್ಟಲಿಲ್ಲ. ಕಡೆಗೆ ಒಂದು–ಒಂದು ಎಂದುಬಿಟ್ಟಳು. ಸುಳ್ಳಿನಲ್ಲಾದರೂ ಯಾರೂ ಸೋಲದಿರಲಿ ಎಂದು ಸಮ ಮಾಡಿದ್ದಳು.

"ಎರಡು ಕಡೆ ನೋಡಿದ್ಯಾ?"

"ನೋಡ್ದೆ."

"ನೀನು ಹೇಳಿದ್ಮೇಲೆ ಮುಗೀತು."

ಕಣ್ಣು ಮಂಜಾದರೂ ತಾನೇ ಚೀಟಿ ಬರೆದ. ಗೆಳೆಯನಿಗೆ ಫೋನ್ ಹಚ್ಚಿಸಿಕೊಂಡು ಹೇಳಿದ. ಆಮೇಲೆ ಎರಡು ತುತ್ತು ಉಂಡ.

*

ಹೆಣದ ಗಾಡಿ ಬಂದು ನಿಂತಿತು. ಆ ಗೆಳೆಯ, ಇದೇ ಹುಚ್ಚಿನ ಬಸ್ ಕಂಡಕ್ಟರ್, ಅವಳ ಪಕ್ಕಕ್ಕೆ ಬಂದ. ದ್ವೀಪಗಳ ಪಂದ್ಯ ಬಿರುಗಾಳಿಯಿಂದ ನಡೆಯಲೇ ಇಲ್ಲವೆಂದು ಎಲ್ಲ ಕಡೆ ಬಂದಿದೆಯಂತೆ.

"ಅವರೆಲ್ಲ ಏನಾದ್ರೂ ಬರ್ಕೊಳ್ಲಿ ಅತ್ತಿಗೆ. ಅಣ್ಣ ಹೇಳಿದ್ದು ಯಾವತ್ತು ತಪ್ಪಾಗಿದೆ? ನಾನೂ ಒಂದು–ಒಂದು ಅಂತಾನೇ ಬರ್ಕೊಂಡಿದೀನಿ. ನಮ್ಮ ಬಳಗಕ್ಕೆಲ್ಲ ಹೇಳಿದೀನಿ."

ಬಾಯಲ್ಲಿ ಬಿಸಿತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಗಂಡನ ಇಷ್ಟೂ ಖಾನೆಗಳ ಮೇಲೆ ಜನಕ್ಕೆ ಅನುಮಾನ. ಹೇಳದಿದ್ದರೆ ಅವನ ಹೆಸರಿನಲ್ಲೇ ಸುಳ್ಳು ಊರೆಲ್ಲ ಸುತ್ತುತ್ತದೆ. ಆದರೂ ಹೇಳಿಬಿಡಬೇಕೆನಿಸಿತು.

"ಅದು... ನಾನೇ..." ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗೊತ್ತು ಅತ್ತಿಗೆ. ನೀವೇ ಹುಡುಕಿಕೊಟ್ರಿ ಅಂತ ಎಷ್ಟು ಹಿಗ್ಗಿದ್ರು. ಅಳಬೇಡಿ."

ಅವನು ಆಸ್ಪತ್ರೆಯಿಂದ ತಂದಿದ್ದ ಚೀಲದಿಂದ ಆ ಚೀಟಿಯನ್ನು ತೆಗೆದ. ಅವರೇ ಬರೆದ ಕೊನೆಯದು, ಜೊತೆಗೇ ಹೋಗಲಿ ಎಂದು ಗಂಡನ ಜೇಬಿಗೆ ಇಳಿಸಿದ. ಟಿಕೆಟ್ ಹರಿದು ಪಳಗಿದ ಆ ಬೆರಳುಗಳಿಗೆ, ಅವಳಿಗೆ ಬಗ್ಗದ ಗುಂಡಿ ಒಂದೇ ಸಲಕ್ಕೆ ಕೂತಿತು.