ಭುಜದವರೆಗೆ

"ಒಳಗಿರೋರನ್ನ ಹೊರಗೆ ಕಳಿಸು," ಎಂದಳು ನಾದಿನಿ, ಗಾಜಿನ ಬಾಗಿಲನ್ನು ಅರ್ಧ ತಳ್ಳಿ ಹಿಡಿದುಕೊಂಡು. ತಲೆಗೆ ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡಿದ್ದಳು. ಕೈಯಲ್ಲೊಂದು ಬಟ್ಟೆಯಂಗಡಿಯ ಚೀಲವಿತ್ತು.

ಆರು ವರ್ಷದಲ್ಲಿ ಅವಳು ಈ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಆದರೂ ಕತ್ತರಿಯಮ್ಮ ಕೈಗವಸು ತೆಗೆಯಲಿಲ್ಲ. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ, ಕತ್ತರಿಯಮ್ಮ ಅಂತ. ಕುರ್ಚಿಯಲ್ಲಿ ಬ್ಯಾಂಕಿನಾಕೆ ತಲೆಗೆ ಬಣ್ಣ ಹಚ್ಚಿಸಿಕೊಂಡು, ಮೇಲೊಂದು ಪ್ಲಾಸ್ಟಿಕ್ ಟೋಪಿ ಹಾಕಿಸಿಕೊಂಡು ಕೂತಿದ್ದಳು.

"ಬಣ್ಣ ಹಚ್ಚಿ ಹತ್ತು ನಿಮಿಷ ಆಗಿದೆ. ಈಗ ಎಬ್ಬಿಸಿದ್ರೆ ತಲೆ ಕ್ಯಾರೆಟ್ ಆಗುತ್ತೆ. ಕೂತ್ಕೊ, ಇಲ್ಲ ಹೋಗು."

"ನಿನ್ನ ಅಂಗಡೀಲಿ ಕೂರೋ ಆಸೆಯಿಂದ ಬಂದಿಲ್ಲ ನಾನು."

"ಹಾಗಿದ್ರೆ ನಿಂತ್ಕೊ."

ಬ್ಯಾಂಕಿನಾಕೆ ಮಡಿಲಲ್ಲಿದ್ದ ಪತ್ರಿಕೆಯನ್ನು ಮುಖದ ಹತ್ತಿರಕ್ಕೆ ಎತ್ತಿಕೊಂಡಳು. ಆಮೇಲೆ ಅವಳು ಒಂದು ಪುಟವನ್ನೂ ಮಗುಚಲಿಲ್ಲ.

ನಾದಿನಿ ನಿಂತೇ ಇದ್ದಳು. ಅಂಗಡಿ ಚಿಕ್ಕದು. ಎರಡು ಕುರ್ಚಿ, ಎರಡು ಕನ್ನಡಿ, ಮೂಲೆಯಲ್ಲಿ ತಲೆ ತೊಳೆಯುವ ಸಿಂಕು. ಅವಳು ಎಲ್ಲಿ ನೋಡಿದರೂ ಯಾವುದಾದರೊಂದು ಕನ್ನಡಿಯಲ್ಲಿ ಅತ್ತಿಗೆಯೇ ಕಾಣುತ್ತಿದ್ದಳು. ಕೊನೆಗೆ ಅವಳು ನೆಲ ನೋಡತೊಡಗಿದಳು. ನೆಲದಲ್ಲಿ ಬೆಳಗಿನಿಂದ ಬಿದ್ದ ಕೂದಲಿತ್ತು. ಕಾಲನ್ನು ಹಿಂದಕ್ಕೆಳೆದುಕೊಂಡಳು.

ಕತ್ತರಿಯಮ್ಮ ಬೇಕೆಂತಲೇ ನಿಧಾನ ಮಾಡಿದಳು. ಆರು ವರ್ಷದ ಹಿಂದೆ, ಗಂಡ ತೀರಿಕೊಂಡ ಎರಡನೇ ತಿಂಗಳು, ಕೆಲಸ ಮುಗಿಸಿ ಬಂದಾಗ ಮನೆಯ ಬೀಗ ಬದಲಾಗಿತ್ತು. ಅವಳ ಬಟ್ಟೆ, ಎರಡು ಪಾತ್ರೆ, ಕತ್ತರಿಯ ಪೆಟ್ಟಿಗೆ ಮೆಟ್ಟಿಲ ಮೇಲಿದ್ದವು. ಮೇಲಿನ ಕಿಟಕಿಯಿಂದ ಈ ನಾದಿನಿಯೇ ಹೇಳಿದ್ದಳು: "ಇದು ನಮ್ಮಪ್ಪ ಕಟ್ಟಿದ ಮನೆ. ಅಣ್ಣನೇ ಇಲ್ಲದ ಮೇಲೆ ನಿನಗೇನಿದೆ ಇಲ್ಲಿ? ಕಂಡವರ ತಲೆ ಕೆರೆಯೋ ಕೆಲಸ ಇದೆಯಲ್ಲ, ಬದುಕ್ಕೊ ಹೋಗು." ಅಲ್ಲಿಯವರೆಗೆ 'ನೀವು' ಅನ್ನುತ್ತಿದ್ದವಳು ಆ ಸಂಜೆಯೇ 'ನೀನು'ಗೆ ಇಳಿದಿದ್ದಳು.

ಬ್ಯಾಂಕಿನಾಕೆಯ ತಲೆ ತೊಳೆದು, ಒಣಗಿಸಿ, ಬಾಗಿಲವರೆಗೆ ಕಳಿಸಿ ಬಂದ ಮೇಲೆ ಕತ್ತರಿಯಮ್ಮ ಕೈ ಒರೆಸಿಕೊಳ್ಳುತ್ತ ನಿಂತಳು. "ಈಗ ಹೇಳು."

ನಾದಿನಿ ದುಪಟ್ಟಾ ಬಿಚ್ಚಿದಳು.

ಸೊಂಟ ದಾಟುತ್ತಿದ್ದ ಜಡೆ ಇರಲಿಲ್ಲ. ಎಡಗಡೆ ಕೂದಲು ಕಿವಿಯ ಮೇಲಕ್ಕೇ ಮುಗಿದಿತ್ತು. ಬಲಗಡೆ ಒಂದು ಗೊಂಚಲು ಭುಜದವರೆಗೆ ನೇತಾಡುತ್ತಿತ್ತು. ಹಿಂದೆ ಒಂದು ಕಡೆ ಬೆರಳಗಲದಷ್ಟೂ ಉಳಿದಿರಲಿಲ್ಲ. ಕೆಲಸಕ್ಕೆ ಹೋಗುವ ಕಚೇರಿಯಲ್ಲಿ 'ಜಡೆ ಮೇಡಂ' ಎಂದೇ ಹೆಸರಾದವಳು. ಇಪ್ಪತ್ತು ವರ್ಷದಿಂದ ಸಲೂನಿಗೆ ತಲೆ ಕೊಡದವಳು.

"ಯಾರು ಮಾಡಿದ್ದು?"

"ನನ್ನ ಮಗಳು. ನೀನು ತಲೆ ಕೆಡಿಸಿ ಕಳಿಸಿದ್ಯಲ್ಲ, ಅವಳೇ."

ಹತ್ತು ದಿನದ ಹಿಂದೆ ಶಾಲೆ ಬಿಟ್ಟ ಹೊತ್ತಿಗೆ ಆ ಹುಡುಗಿ ಬೆನ್ನಿಗೆ ಬ್ಯಾಡ್ಮಿಂಟನ್ ಬ್ಯಾಟು ನೇತುಹಾಕಿಕೊಂಡು ಬಂದಿದ್ದಳು. "ಅತ್ತೆ, ನನ್ನ ಗುರುತು ಸಿಕ್ತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕುರ್ಚಿ ಏರಿ ಕೂತಿದ್ದಳು. ದಿನಾ ಬೆಳಗ್ಗೆ ಅಮ್ಮ ಜಡೆ ಹಾಕುತ್ತಾಳೆ, ಒಂದೊಂದು ಎಳೆತಕ್ಕೆ ಒಂದೊಂದು ಬೈಗುಳ, ಆಡುವಾಗ ಜಡೆ ಕಣ್ಣಿಗೆ ಹೊಡೆಯುತ್ತೆ, ಸಾಕಾಗಿದೆ, ಕತ್ತರಿಸಿಬಿಡಿ ಎಂದಿದ್ದಳು. ಕತ್ತರಿಯಮ್ಮ ಕತ್ತರಿಸಿ ಕಳಿಸಿದ್ದಳು.

"ಮನೇಲಿ ಕೂಡಿ ಹಾಕಿದ್ದೆ," ಎಂದಳು ನಾದಿನಿ. ಅವಳ ದನಿಯಲ್ಲಿ ಅಳುಕಿರಲಿಲ್ಲ. "ಹೌದು, ಹಾಕಿದ್ದೆ. ಬಾಚಣಿಗೆ ಮುರಿಯೋವರೆಗೂ ಹೊಡೆದೆ. ಬ್ಯಾಟು ಕಪಾಟಿಗೆ ಹಾಕಿ ಬೀಗ ಜಡಿದೆ. ಕೂದಲು ಬೆಳೆಯೋವರೆಗೂ ಶಾಲೆ ಬೇಡ ಅಂದೆ. ಎಂಟು ದಿನ ಒಂದು ಮಾತು ಆಡಲಿಲ್ಲ ಅವಳು. ನಿನ್ನೆ ಮಧ್ಯಾಹ್ನ ಸ್ವಲ್ಪ ಅಡ್ಡಾಗಿದ್ದೆ. ಅಡುಗೆಮನೆ ಕತ್ತರಿ ತಂದಿದಾಳೆ."

"ನಿನಗೆ ಎಚ್ಚರ ಆಗಲಿಲ್ವಾ? ಆ ಜಡೆ ಒಂದೇ ಏಟಿಗೆ ತುಂಡಾಗೋದಲ್ಲ."

"ಎರಡನೇ ಸಲಕ್ಕೇ ಎಚ್ಚರ ಆಯ್ತು."

"ಮತ್ತೆ?"

"ಎದ್ದಿದ್ರೆ ಅವಳ ಕೈ ಮುರೀತಿದ್ದೆ. ಅದಕ್ಕೆ ಏಳಲಿಲ್ಲ." ನಾದಿನಿ ಚೀಲವನ್ನು ಕನ್ನಡಿಯ ಮುಂದಿನ ಹಲಗೆಯ ಮೇಲಿಟ್ಟಳು. ಅದರೊಳಗೆ ಜಡೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು, ತುದಿಯ ರಬ್ಬರ್ ಬ್ಯಾಂಡ್ ಹಾಗೇ ಇತ್ತು. "ಇದನ್ನ ಮತ್ತೆ ಸೇರಿಸೋಕಾಗುತ್ತಾ? ಅದಕ್ಕೆ ಬಂದಿದ್ದು. ಬೇರೆ ಕಡೆ ಹೋದ್ರೆ ಕಥೆ ಹೇಳ್ಬೇಕು. ನಿನಗೆ ಹೇಳೋದಕ್ಕೆ ನನಗೇನೂ ನಾಚಿಕೆ ಇಲ್ಲ. ನಿನ್ನಿಂದಾಗಿದ್ದು, ನೀನೇ ಸರಿಮಾಡು."

ಕತ್ತರಿಯಮ್ಮ ಜಡೆ ಎತ್ತಿ ಕೈಯಲ್ಲಿ ತೂಗಿ ನೋಡಿದಳು. ಒಳ್ಳೆಯ ಕೂದಲು. ಅದನ್ನು ಒಪ್ಪಿಕೊಳ್ಳುವುದು ಅವಳಿಗೆ ಕಷ್ಟವಾಯಿತು.

"ಸೇರಿಸ್ಬಹುದು. ಸಣ್ಣ ಸಣ್ಣ ಗಂಟು ಹಾಕಿ ಕೂರಿಸ್ತೀವಿ. ಆದ್ರೆ ಗಂಟು ಹಾಕೋಕೆ ಬುಡದಲ್ಲಿ ನಾಲ್ಕು ಬೆರಳಾದ್ರೂ ಕೂದಲು ಬೇಕು. ಹಿಂದೆ ನಿನಗೆ ಅಷ್ಟಿಲ್ಲ. ಹಟ ಹಿಡಿದು ಸೇರಿಸಿದ್ರೆ ಆ ಭಾರಕ್ಕೆ ಇರೋದೂ ಬುಡಸಮೇತ ಕಿತ್ತು ಬರುತ್ತೆ."

"ಬೇರೆ ದಾರಿ?"

"ಗಿಡ್ಡ ಮಾಡೋದು."

"ಎಷ್ಟು?"

"ಇದು ಎಲ್ಲಿ ತುಂಬ ಗಿಡ್ಡ ಇದೆಯೋ ಅದರ ಲೆಕ್ಕಕ್ಕೆ ಉಳಿದದ್ದು ಬರ್ಬೇಕು. ಕಿವಿ ಮೇಲೆ. ಹಿಂದೆ ಕತ್ತು ಪೂರ್ತಿ ಕಾಣೋ ಹಾಗೆ. ಮುಂದೆ ಹಣೆಗೆ ಸ್ವಲ್ಪ ಬಿಡ್ತೀನಿ, ನಿನ್ನ ಹಣೆ ದೊಡ್ಡದು."

"ನನ್ನ ಹಣೆ ಬಗ್ಗೆ ಮಾತಾಡ್ಬೇಡ."

"ಹಣೆ ನೋಡದೆ ಕೂದಲು ಕತ್ತರಿಸೋಕಾಗಲ್ಲ. ಬೇಡ ಅಂದ್ರೆ ದುಪಟ್ಟಾ ಸುತ್ಕೊಂಡು ಹೊರಡು."

ನಾದಿನಿ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. ಆ ಭುಜದವರೆಗಿನ ಗೊಂಚಲನ್ನು ಒಂದು ಸಲ ಮುಟ್ಟಿದಳು. ಆಮೇಲೆ ಕಿವಿಯೋಲೆ ಬಿಚ್ಚಿ ಹಲಗೆಯ ಮೇಲಿಟ್ಟು ಕೂತಳು. "ಗಂಡಸರ ಥರ ಮಾಡ್ಬೇಡ."

"ಗಂಡಸರ ಥರ ಮಾಡೋಕೆ ಮಿಷಿನ್ ಸಾಕು. ಇದಕ್ಕೆ ಕೈ ಬೇಕು."

ಸಿಂಕಿನ ಅಂಚಿಗೆ ಕತ್ತು ಒರಗಿಸುವಾಗ ನಾದಿನಿಯ ಮೈ ಕಟ್ಟಿಗೆಯ ಹಾಗೆ ಬಿಗಿದಿತ್ತು. ಬಿಸಿನೀರು ಬಿಟ್ಟ ತಕ್ಷಣ "ಸುಡ್ತಿದೆ" ಎಂದಳು. ಸುಡುವಷ್ಟೇನೂ ಇರಲಿಲ್ಲ. ಕತ್ತರಿಯಮ್ಮ ತಣ್ಣೀರಿನ ನಲ್ಲಿಯನ್ನು ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚಿಗೆ ತಿರುಗಿಸಿದಳು.

"ಹುಡುಗಿ ಎಲ್ಲಿ?" ತಲೆ ಒರೆಸುತ್ತ ಕೇಳಿದಳು.

"ಎದುರಿನ ಬಸ್ ಸ್ಟಾಪಲ್ಲಿ ನಿಲ್ಲಿಸಿ ಬಂದಿದೀನಿ. ಮೇಲೆ ಕಾಲಿಟ್ರೆ ಕಾಲು ಮುರೀತೀನಿ ಅಂದಿದೀನಿ. ಒಬ್ಬಳನ್ನೇ ಮನೇಲಿ ಬಿಟ್ಟು ಬರೋಕೆ ಧೈರ್ಯ ಆಗಲಿಲ್ಲ."

ಕತ್ತರಿಯಮ್ಮ ಮೊದಲು ಬಲಗಡೆಯ ಗೊಂಚಲನ್ನು ತೆಗೆದಳು. ಅದು ಬಿದ್ದಾಗ ನಾದಿನಿ ಕಣ್ಣು ಮುಚ್ಚಲಿಲ್ಲ. ಕನ್ನಡಿಯಲ್ಲಿ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು, ಅಲ್ಲಿ ನಗುವೇನಾದರೂ ಕಾಣುತ್ತದೆಯೋ ಎಂದು ಕಾಯುವವಳ ಹಾಗೆ. ಕತ್ತರಿಯಮ್ಮ ಬಾಚಣಿಗೆಯಲ್ಲಿ ಎಳೆ ಎಳೆಯಾಗಿ ಎತ್ತಿ, ಎರಡು ಬೆರಳ ನಡುವೆ ಹಿಡಿದು, ತುದಿಗಳನ್ನು ಕತ್ತರಿಸುತ್ತ ಹೋದಳು. ಕೆಳಗಿನಿಂದ ಮೇಲಕ್ಕೆ. ಆ ಮೊಂಡು ಕತ್ತರಿ ಮಾಡಿದ ಹಳ್ಳವನ್ನು ಸುತ್ತಲಿನ ಕೂದಲಲ್ಲಿ ಸ್ವಲ್ಪ ಸ್ವಲ್ಪವೇ ಅಡಗಿಸಬೇಕಿತ್ತು. ಅವಸರ ಮಾಡಿದರೆ ಬೋಳು ಕಾಣುತ್ತದೆ.

"ಒಂದು ಕೇಳ್ತೀನಿ," ಎಂದಳು ನಾದಿನಿ. "ಅವಳು ಬಂದು ಎಷ್ಟು ಗಿಡ್ಡ ಮಾಡು ಅಂದ್ಲು?"

ಕತ್ತರಿ ನಿಲ್ಲಲಿಲ್ಲ. "ಯಾಕೆ?"

"ಅವಳನ್ನ ಹೊಡೆಯೋವಾಗ ಕೇಳ್ದೆ. ಯಾರು ಇಷ್ಟು ಗಿಡ್ಡ ಮಾಡಿದ್ದು, ಅತ್ತೆ ತಾನೆ, ಅಂತ. ಇಲ್ಲ, ಅತ್ತೆ ಬೇಡ ಬೇಡ ಅಂದ್ರು, ನಾನೇ ಹಟ ಮಾಡಿ ಇಷ್ಟು ತೆಗೆಸ್ಕೊಂಡೆ ಅಂದ್ಲು. ಪ್ರತಿ ಏಟಿಗೂ ಅದೇ ಮಾತು. ನನಗೆ ನಂಬಿಕೆ ಬರಲಿಲ್ಲ. ನೀನು ಬೇಡ ಅನ್ನೋಳಲ್ಲ."

ಕತ್ತರಿಯಮ್ಮನ ಕೈ ಈಗ ನಿಂತಿತು. ಆ ಸಂಜೆ ಹುಡುಗಿ ಎರಡು ಅಂಗೈಗಳನ್ನೂ ಭುಜದ ಮೇಲಿಟ್ಟು "ಇಷ್ಟು ಸಾಕು ಅತ್ತೆ, ಇನ್ನೂ ಮೇಲೆ ಹೋದ್ರೆ ಅಮ್ಮ ಸಾಯಿಸ್ತಾಳೆ" ಎಂದು ನಕ್ಕಿದ್ದಳು. ಆ ಮಾತು ಕೇಳಿದ ಮೇಲೇ ಕತ್ತರಿಯಮ್ಮನ ಬಾಯಲ್ಲಿ ಅಷ್ಟೊಂದು ಸಿಹಿ ಮಾತು ಬಂದದ್ದು. ನಿನ್ನ ದವಡೆ ಎಷ್ಟು ಚೂಪಾಗಿದೆ, ಕಿವಿ ಎಷ್ಟು ಚೆಂದ, ಮುಚ್ಚಿಡೋದು ಯಾಕೆ, ಇನ್ನೊಂದು ಸ್ವಲ್ಪ, ಇನ್ನೊಂದೇ ಸ್ವಲ್ಪ. ಹುಡುಗಿ ಪ್ರತಿ ಸಲವೂ ಒಂದು ಕ್ಷಣ ಹೆದರಿ, ಆಮೇಲೆ ಹೂಂ ಅಂದಿದ್ದಳು. ಆ ತಲೆಗೆ ಗಿಡ್ಡ ಕೂದಲು ಒಪ್ಪಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದದ್ದು ಬೇರೆ ಕಡೆ.

"ಭುಜದವರೆಗೆ," ಎಂದಳು.

"ಏನು?"

"ಭುಜದವರೆಗೆ ಸಾಕು ಅಂದಿದ್ಲು. ನಾನೇ ಮೇಲಕ್ಕೆ ತಂದೆ."

ಕೆಳಗೆ ರಸ್ತೆಯಲ್ಲಿ ಒಂದು ಲಾರಿ ಹಾರ್ನ್ ಹೊಡೆದುಕೊಂಡು ಹೋಯಿತು.

"ಯಾಕೆ?"

"ಅವಳ ಮುಖಕ್ಕೆ ಒಪ್ಪುತ್ತಿತ್ತು."

"ಅಷ್ಟೇನಾ?"

"ಅಷ್ಟೇ ಅಲ್ಲ. ಅವಳಿಗೆ ಬಾಗಿಲು ತೆಗೆದಾಗ ನಿನ್ನ ಮುಖ ಹೇಗಾಗುತ್ತೆ ಅಂತ ಆ ಸಂಜೆಯೆಲ್ಲ ಯೋಚನೆ ಮಾಡ್ಕೊಂಡು ಖುಷಿಪಟ್ಟೆ."

"ಏಟು ತಿಂದದ್ದು ಅವಳು."

"ಹೊಡೆದದ್ದು ನೀನು."

"ಹೂಂ, ನಾನೇ." ನಾದಿನಿಯ ಕೈಗಳು ಮೈಗೆ ಹೊದಿಸಿದ ಬಟ್ಟೆಯ ಒಳಗೆ ಕುರ್ಚಿಯ ತೋಳನ್ನು ಹಿಡಿದುಕೊಂಡಿದ್ದವು, ಬಟ್ಟೆ ಅಲ್ಲಲ್ಲಿ ಉಬ್ಬಿ ಬಿಗಿದಿತ್ತು. "ನಿನ್ನನ್ನ ಮನೆಯಿಂದ ಹೊರಗೆ ಹಾಕಿದ್ದಕ್ಕೆ ನನಗೆ ಒಂದು ದಿನವೂ ಬೇಜಾರಾಗಿಲ್ಲ. ಇವತ್ತೂ ಆಗ್ತಿಲ್ಲ. ತಿಳ್ಕೊ."

"ತಿಳಿದಿದೆ. ತಲೆ ಬಗ್ಗಿಸು."

ಅವಳು ತಲೆ ಬಗ್ಗಿಸಿದಳು. ಕತ್ತರಿಯಮ್ಮ ಹಿಂಭಾಗವನ್ನು ಮುಗಿಸಿ, ಡ್ರೈಯರ್ ಹಿಡಿದು ನೆತ್ತಿಯ ಕೂದಲನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದಳು. ಕೂದಲು ಹೇಳಿದ ಮಾತು ಕೇಳಲಿಲ್ಲ. ಎರಡು ಕಡೆಗೆ ಎದ್ದು ನಿಂತಿತು. ನೋಡಿದರೆ ನೆತ್ತಿಯಲ್ಲಿ ಎರಡು ಸುಳಿ. ಒಂದು ಬಲಕ್ಕೆ, ಒಂದು ಎಡಕ್ಕೆ, ಮಧ್ಯೆ ಒಂದು ಬೆರಳಿನಷ್ಟು ಜಾಗ.

ಡ್ರೈಯರ್ ಒಂದೇ ಕಡೆ ಬೀಸುತ್ತಲೇ ಇತ್ತು.

"ಸುಡ್ತಿದೆ," ಎಂದಳು ನಾದಿನಿ. ಈ ಸಲ ನಿಜವಾಗಿಯೂ ಸುಡುತ್ತಿತ್ತು. "ಏನು ನೋಡ್ತಿದೀಯಾ?"

"ಎರಡು ಸುಳಿ ಇದೆ."

"ಅಣ್ಣನಿಗೂ ಇತ್ತು."

"ಗೊತ್ತು."

"ಗೊತ್ತಿರದೆ ಏನು? ಅವನ ತಲೆ ಮೇಲೇ ಅಲ್ವಾ ನೀನು ಕಲಿತದ್ದು. ಕಚೇರಿಗೆ ಟೋಪಿ ಹಾಕ್ಕೊಂಡು ಹೋಗ್ತಿದ್ದ ಪಾಪ."

"ಮೊದಲ ಮೂರು ಸಲ ಕೆಟ್ಟಿತ್ತು. ಆಮೇಲೆ ಸರಿಯಾಯ್ತು."

"ನಾಲ್ಕನೇ ಸಲಾನೂ ಚೆನ್ನಾಗಿರಲಿಲ್ಲ. ನಿನಗೆ ಬೇಜಾರಾಗುತ್ತೆ ಅಂತ ಅವನು ಹೇಳಲಿಲ್ಲ ಅಷ್ಟೆ."

ಕತ್ತರಿಯಮ್ಮ ಸುಳಿಯ ಸುತ್ತ ಕೂದಲನ್ನು ಸ್ವಲ್ಪ ಉದ್ದವೇ ಬಿಟ್ಟಳು. ಅಲ್ಲಿ ಗಿಡ್ಡ ಮಾಡಿದರೆ ಮುಳ್ಳಿನ ಹಾಗೆ ನಿಲ್ಲುತ್ತದೆಂದು ಅವಳ ಬೆರಳುಗಳಿಗೆ ಬಹಳ ಹಿಂದೆಯೇ ತಿಳಿದಿತ್ತು. ಮೊದಲು ಬಲ ಸುಳಿ, ಆಮೇಲೆ ಎಡ, ಕೊನೆಗೆ ಎರಡನ್ನೂ ಸೇರಿಸಿ ಮುಂದಕ್ಕೆ. ಯೋಚನೆ ಮಾಡುವ ಅಗತ್ಯವೇ ಬೀಳಲಿಲ್ಲ. ಕೆಲಸ ಮುಗಿಯುವವರೆಗೂ ಅವಳು ಕನ್ನಡಿಯ ಕಡೆ ತಲೆಯೆತ್ತಿ ನೋಡಲಿಲ್ಲ.

ನೋಡಿದಾಗ, ಅಂದುಕೊಂಡಿದ್ದಕ್ಕಿಂತ ಹೆಚ್ಚಾಗಿಯೇ ಒಪ್ಪಿತ್ತು. ಕಿವಿಯ ಹತ್ತಿರದ ನರೆ ಹೊರಗೆ ಬಂದಿತ್ತು. ಕತ್ತು ಉದ್ದವಾಗಿತ್ತು. ನಾದಿನಿ ಮುಖವನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಚೆನ್ನಾಗಿದೆ ಎಂಬ ಮಾತು ಬಾಯಿಂದ ಹೊರಬೀಳದಂತೆ ತುಟಿ ಬಿಗಿ ಹಿಡಿದಿದ್ದಳು.

"ಜಡೆಗೆ ಹಾಕೋ ಹಾಗೆ ಎಣ್ಣೆ ಸುರೀಬೇಡ, ತಲೆಗೆ ಅಂಟಿಕೊಂಡು ಕೂರುತ್ತೆ," ಎಂದಳು ಕತ್ತರಿಯಮ್ಮ. "ದಿನ ಬಿಟ್ಟು ದಿನ ತೊಳಿ. ಒದ್ದೆ ಇರೋವಾಗ್ಲೇ ಕೈಯಲ್ಲಿ ಮುಂದಕ್ಕೆ ತಳ್ಳಿ ಒಣಗಿಸು. ಬೆಳಗ್ಗೆ ಎದ್ದಾಗ ನೆತ್ತಿ ನಿಂತ್ಕೊಂಡಿರುತ್ತೆ, ಬಾಚಿದ್ರೆ ಕೂರಲ್ಲ, ಒಂದು ಹನಿ ನೀರು ಮುಟ್ಟಿಸು. ಬೆರಳ ತುದಿಯಷ್ಟು ಕ್ರೀಮು, ಅದಕ್ಕಿಂತ ಹೆಚ್ಚು ಬೇಡ."

"ಅವಳಿಗೂ ಇದೆಲ್ಲ ಹೇಳಿದ್ಯಾ?"

"ಹೇಳಿದ್ದೆ."

"ಎಂಟು ದಿನ ತಲೆಗೆ ನೀರೇ ಹಾಕಿಲ್ಲ ಅವಳು." ನಾದಿನಿ ಕಿವಿಯೋಲೆ ಹಾಕಿಕೊಂಡಳು. ಜಡೆಯ ಚೀಲ ಎತ್ತಿಕೊಂಡಳು. ಬಾಗಿಲ ಹತ್ತಿರ ಹೋದವಳು ತಿರುಗದೆಯೇ ಹೇಳಿದಳು: "ಇನ್ನೊಂದು ಸಲ ಅವಳು ಈ ಕುರ್ಚೀಲಿ ಕೂತ್ರೆ, ಅವಳು ಎಷ್ಟು ಕೇಳ್ತಾಳೋ ಅಷ್ಟೇ. ಭುಜ ಅಂದ್ರೆ ಭುಜ. ನಿನ್ನ ನನ್ನ ಲೆಕ್ಕ ಅವಳ ತಲೆ ಮೇಲೆ ಬೇಡ."

"ಆಯ್ತು."

"ಆಯ್ತು ಅಂದ್ರೆ ಸಾಲದು."

"ಮತ್ತೇನು ಕಾಲಿಗೆ ಬೀಳ್ಬೇಕಾ? ಹೋಗು."

ಗಾಜಿನ ಬಾಗಿಲು ಸದ್ದು ಮಾಡಿ ಮುಚ್ಚಿಕೊಂಡಿತು. ಕತ್ತರಿಯಮ್ಮ ಪೊರಕೆ ತೆಗೆದುಕೊಂಡಳು, ಗುಡಿಸಲಿಲ್ಲ. ಕಿಟಕಿಯ ಹತ್ತಿರ ಬಂದಳು.

ಹುಡುಗಿ ಬಸ್ ಸ್ಟಾಪಿನ ಕಂಬಕ್ಕೆ ಒರಗಿ ನಿಂತಿದ್ದಳು. ತಾಯಿ ರಸ್ತೆ ದಾಟಿ ಬರುವುದನ್ನು ನೋಡಿ ನೆಟ್ಟಗಾದಳು. ತಾಯಿ ಅವಳ ಹತ್ತಿರ ಹೋಗಲಿಲ್ಲ, ನಾಲ್ಕು ಮಾರು ಆಚೆಯೇ ನಿಂತಳು. ಹುಡುಗಿ ಒಂದು ಸಲ ಅವಳ ತಲೆಯ ಕಡೆ ನೋಡಿದಳು, ಬೇರೆ ಕಡೆ ತಿರುಗಿದಳು, ಮತ್ತೆ ನೋಡಿದಳು. ಬಿಸಿಲು ಇಬ್ಬರ ಕತ್ತಿನ ಹಿಂದೆಯೂ ಬೀಳುತ್ತಿತ್ತು. ಇಬ್ಬರೂ ಕೈಕಟ್ಟಿ ರಸ್ತೆಯ ಒಂದೇ ದಿಕ್ಕಿಗೆ ನೋಡುತ್ತಿದ್ದರು.

ಬಸ್ಸು ಬಂತು. ಹುಡುಗಿ ಮುಂದಿನ ಬಾಗಿಲಿಂದ ಹತ್ತಿದಳು, ತಾಯಿ ಹಿಂದಿನ ಬಾಗಿಲಿಂದ.