ಎದ್ದು ನಿಲ್ಲುವ ಮುಂಚೆ ಒಂದು ಗಳಿಗೆ

ನಮ್ಮ ಬೇಕರಿಯ ಹಿಂದಿನ ಕೋಣೆಯಲ್ಲಿ, ಭಟ್ಟಿಯ ಪಕ್ಕ, ಯಾವಾಗಲೂ ಒಂದು ಮೈದಾ ಮೂಟೆ ಇರುತ್ತದೆ. "ಅದನ್ನ ಆ ಕಡೆ ಸರಿಸ್ರೀ, ಕಾಲಿಗೆ ಅಡ್ಡ ಬರುತ್ತೆ" ಎಂದು ನಮ್ಮನೆಯವರಿಗೆ ಎಷ್ಟು ಸಲ ಗೊಣಗಿದ್ದೇನೋ ಲೆಕ್ಕವಿಲ್ಲ. ಪುಣ್ಯಕ್ಕೆ ಅವರು ಕೇಳಲಿಲ್ಲ. ಗಂಡ ನನ್ನ ಮಾತು ಕೇಳಲಿಲ್ಲವೆಂದು ನಾನು ಸಂತೋಷಪಟ್ಟಿದ್ದು ಅದೊಂದೇ ಸಲ.

ನಮ್ಮ ಭಟ್ಟಿಯ ಬಾಯಿ ಮಂಡಿಯ ಎತ್ತರಕ್ಕಿದೆ. ಅದರ ಮುಂದೆ ಗಿಡ್ಡ ಮಣೆಯ ಮೇಲೆ ಕೂತು, ಉದ್ದ ಹಿಡಿಕೆಯ ಮರದ ಹಲಗೆಯಿಂದ ಬ್ರೆಡ್ಡು, ಬನ್ನುಗಳನ್ನು ಒಳಗೆ ತಳ್ಳಬೇಕು, ಬೆಂದ ಮೇಲೆ ಹೊರಗೆ ಎಳೆಯಬೇಕು. ಆ ಹಲಗೆಯನ್ನು ನಮ್ಮನೆಯವರು ಇನ್ನೊಬ್ಬರ ಕೈಗೆ ಕೊಡುವವರಲ್ಲ. ಅವರದು ಇನ್ನೊಂದು ಹಠ. ಭಟ್ಟಿ ಹೊತ್ತಿಕೊಂಡಿತೆಂದರೆ, ಕೆಲಸ ಮುಗಿಯುವವರೆಗೆ ಒಂದು ತೊಟ್ಟು ನೀರು ಕುಡಿಯುವುದಿಲ್ಲ. ನೀರು ಕುಡಿದರೆ ಬಚ್ಚಲಿಗೆ ಎದ್ದು ಹೋಗಬೇಕು, ಎದ್ದು ಹೋದರೆ ಬ್ರೆಡ್ಡು ಸೀದುಹೋಗುತ್ತದೆ. ಇದು ಅವರಿಗೆ ಅವರಪ್ಪ ಕಲಿಸಿದ ಪಾಠ.

ಆ ದಿನ ಬೆಳಿಗ್ಗೆ ಕೊನೆಯ ಬನ್ನುಗಳನ್ನು ಹೊರಗೆಳೆದು, ಮಣೆಯಿಂದ ಒಮ್ಮೆಲೇ ಎದ್ದರು. ಒಂದು ಹೆಜ್ಜೆ ಇಟ್ಟರು. ಆಮೇಲೆ ಬುಡ ಕಡಿದ ಮರದ ಹಾಗೆ ವಾಲಿದರು. ಎಡಕ್ಕೆ ವಾಲಿದ್ದರೆ ಭಟ್ಟಿಯ ಬಾಯಿ, ಕಾದು ಕೆಂಪಾಗಿತ್ತು. ಬಲಕ್ಕೆ ವಾಲಿದರು, ಮೂಟೆಯ ಮೇಲೆ ಬಿದ್ದರು.

ನಾನು ಓಡಿ ಬರುವಷ್ಟರಲ್ಲಿ ಕಣ್ಣು ಬಿಟ್ಟಿದ್ದರು. ಮುಖವೆಲ್ಲ ಹಿಟ್ಟು.

"ಏನಿಲ್ಲ ಕಣೇ, ಕಾಲು ಜಾರ್ತು" ಎಂದರು.

"ಕೂತಲ್ಲಿಂದ ಎದ್ದವರಿಗೆ ಕಾಲು ಹೇಗ್ರೀ ಜಾರುತ್ತೆ? ಯಾರ ಕಿವಿಗೆ ಹೂವು ಇಡ್ತೀರಾ?"

ಆಗ ಬಾಯಿ ಬಿಟ್ಟರು. ಕೆಲವು ವಾರಗಳಿಂದ ಎದ್ದಾಗಲೆಲ್ಲ ಕಣ್ಣು ಕತ್ತಲೆ ಬರುತ್ತಿತ್ತಂತೆ. ಅದಕ್ಕೆ ಕಾರಣವನ್ನೂ ತಾವೇ ಕಂಡುಹಿಡಿದಿದ್ದರು. "ಬಿ.ಪಿ. ಮಾತ್ರೆ ಶುರು ಮಾಡಿದ ಮೇಲೇ ಇದೆಲ್ಲ ಆಗ್ತಿರೋದು. ನಾಳೆಯಿಂದ ಅದಕ್ಕೊಂದು ನಮಸ್ಕಾರ."

ಮಾತ್ರೆ ನುಂಗಿದರೆ ಬೆಂಕಿಗೆ ಬೀಳುತ್ತಾರೆ, ಬಿಟ್ಟರೆ ಲಕ್ವ ಹೊಡೆಯುತ್ತದೆ. ನಾನು ಯಾವುದನ್ನು ಒಪ್ಪಲಿ? ನನ್ನ ತಂಗಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಫೋನು ಹಚ್ಚಿದೆ. ಅವಳು ಬಿ.ಪಿ. ಮಷಿನ್ನು ಚೀಲಕ್ಕೆ ಹಾಕಿಕೊಂಡು ಆಗಲೇ ಹೊರಟು ಬಂದಳು. ಅವಳ ಹೊಟ್ಟೆ ತಣ್ಣಗಿರಲಿ.

ಬಂದವಳು ಮೊದಲು ಭಾವನ ಮುಖ ನೋಡಿದಳು, ಎರಡೂ ಕೈ ಎತ್ತಿಸಿದಳು. "ಬಾಯಿ ಸೊಟ್ಟಗಾಯ್ತಾ? ಮಾತು ತೊದಲಿತಾ? ಎದೆ ನೋವು ಬಂತಾ?" ಎಂದು ಕೇಳಿದಳು. ಯಾವುದೂ ಇಲ್ಲವೆಂದ ಮೇಲೇ ಉಸಿರು ಬಿಟ್ಟಳು.

"ಇವುಗಳಲ್ಲಿ ಒಂದಿದ್ರೂ ನಾನು ಇಲ್ಲಿ ಮಾತಾಡ್ತಾ ಕೂರ್ತಿರಲಿಲ್ಲ, ನಿಮ್ಮನ್ನ ಸೀದಾ ಆಸ್ಪತ್ರೆಗೆ ಹೊರಡಿಸ್ತಿದ್ದೆ."

"ನನಗೇನೂ ಆಗಿಲ್ಲಮ್ಮ. ಹೋದ ವಾರ ತಾನೇ ಬಿ.ಪಿ. ನೋಡಿಸಿದೀನಿ, ಸರಿಯಾಗಿದೆ ಅಂದ್ರು."

"ಕೂರಿಸಿ ನೋಡಿದ್ರಾ?"

"ಮತ್ತೇನು, ಕುಣಿಸಿ ನೋಡ್ತಾರಾ?"

"ನೀವು ಬಿದ್ದಿದ್ದು ಎದ್ದಾಗ ಅಲ್ವಾ ಭಾವ? ಹಾಗಾದ್ರೆ ನಿಲ್ಲಿಸೀನೂ ನೋಡ್ಬೇಕು."

ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಒಮ್ಮೆ ನೋಡಿದಳು. ಆಮೇಲೆ ನಿಲ್ಲಿಸಿ, ನಾನು ಪಕ್ಕದಲ್ಲಿ ತೋಳು ಹಿಡಿದುಕೊಂಡಿರುವಾಗ ಮತ್ತೆ ನೋಡಿದಳು. ಮೇಲಿನ ಅಂಕಿ ಮೂವತ್ತರಷ್ಟು ಇಳಿದಿತ್ತು.

ನಮ್ಮನೆಯವರು ಗೆದ್ದವರ ಹಾಗೆ ನಕ್ಕರು. "ನೋಡಿದ್ಯಾ? ನಾನು ಹೇಳಲಿಲ್ವಾ, ಮಾತ್ರೆದೇ ಕಿತಾಪತಿ."

"ಸ್ವಲ್ಪ ತಡೀರಿ. ಕುತ್ತಿಗೆಯ ಈ ಪಕ್ಕ ಮೆಲ್ಲಗೆ ಬೆರಳಿಡಿ, ಒತ್ತಬೇಡಿ. ನಾಡಿ ಸಿಕ್ತಾ?"

"ಹ್ಞೂಂ, ಹೊಡ್ಕೊಳ್ತಿದೆ."

"ಅಲ್ಲಿ ರಕ್ತನಾಳದ ಗೋಡೆಯೊಳಗೆ ಸಣ್ಣ ನರದ ತುದಿಗಳಿವೆ. ಎರಡೂ ಪಕ್ಕ ಇವೆ, ಎದೆ ಹತ್ರಾನೂ ಇವೆ. ನೀವು ಎದ್ದು ನಿಂತ ಕೂಡಲೇ ರಕ್ತ ಕಾಲು, ಹೊಟ್ಟೆ ಕಡೆಗೆ ಇಳಿದುಬಿಡುತ್ತೆ. ಇಲ್ಲಿ ಒತ್ತಡ ಕಮ್ಮಿಯಾಗುತ್ತೆ. ಗೋಡೆಯ ಬಿಗಿ ಸಡಿಲವಾಯ್ತು ಅಂತ ಆ ತುದಿಗಳು ಮೆದುಳಿಗೆ ಸುದ್ದಿ ಮುಟ್ಟಿಸ್ತವೆ. ಮೆದುಳು ಬೇರೆ ನರಗಳ ಮೂಲಕ ಹೃದಯಕ್ಕೆ 'ಜೋರಾಗಿ ಬಡಿ' ಅನ್ನುತ್ತೆ, ರಕ್ತನಾಳಗಳಿಗೆ 'ಬಿಗಿ ಹಿಡಿ' ಅನ್ನುತ್ತೆ. ರಕ್ತ ಮತ್ತೆ ತಲೆಗೆ ಹತ್ತುತ್ತೆ. ಇಷ್ಟೂ ನೀವು ಎದ್ದು ಮೈಮುರಿಯೋದ್ರೊಳಗೆ ಮುಗಿದಿರುತ್ತೆ. ಒತ್ತಡ ಏರಿದರೆ ಅವೇ 'ನಿಧಾನ' ಅಂತ ಇಳಿಸ್ತವೆ."

"ನಾನು ಹೇಳದೇನೇ?"

"ನೀವು ನಿದ್ದೆ ಮಾಡ್ತಿದ್ರೂ."

"ಹತ್ತು ಸಲ ಹೇಳಿದ್ರೂ ಅಲುಗದ ಮನುಷ್ಯನ ಒಳಗೆ, ಹೇಳದೇ ದುಡಿಯೋರು ಇದಾರೆ ನೋಡು" ಎಂದೆ. ತಂಗಿ ಬಿದ್ದು ಬಿದ್ದು ನಕ್ಕಳು. ನಮ್ಮನೆಯವರು ಮಾತ್ರ ಕುತ್ತಿಗೆಯ ಮೇಲಿನ ಬೆರಳು ತೆಗೆಯಲಿಲ್ಲ.

"ಹಾಗಿದ್ರೆ ಇವತ್ತು ಯಾಕೆ ಕೈಕೊಟ್ಟವು?" ಎಂದರು.

"ಅವು ಕೈಕೊಡಲಿಲ್ಲ ಭಾವ, ನೀವು ಅವುಗಳ ಕೈ ಕಟ್ಟಿಹಾಕಿದ್ರಿ. ಬೆಂಕಿ ಮುಂದೆ ಕೂತ್ರೆ ಚರ್ಮದ ರಕ್ತನಾಳಗಳು ಸಡಿಲವಾಗ್ತವೆ. ಬೆವರು ಸುರಿದು ಮೈಯಲ್ಲಿ ನೀರು ಕಮ್ಮಿಯಾಗಿತ್ತು. ನೀವು ಒಂದು ಗುಟುಕೂ ಕುಡಿದಿಲ್ಲ. ಅದರ ಮೇಲೆ ಮಾತ್ರೆ ಇಳಿಸ್ತಿದೆ. ವಯಸ್ಸಾದ ಹಾಗೆ ಆ ಸುದ್ದಿನೂ ಒಂಚೂರು ತಡವಾಗಿ ಮುಟ್ಟುತ್ತೆ. ಅವು ಎಷ್ಟು ಅಂತ ಎಳೀಬೇಕು?"

"ಸರಿ. ಅವು ಅಷ್ಟು ನಿಯತ್ತಿನವು ಅಂದ್ರೆ ನನಗೆ ಬಿ.ಪಿ. ಯಾಕೆ ಬಂತು? ಬಂದಾಗಲೇ ಇಳಿಸ್ಬೇಕಿತ್ತು."

ತಂಗಿ ಮೆಚ್ಚಿಕೊಂಡಳು. "ಒಳ್ಳೆ ಪ್ರಶ್ನೆ ಕೇಳಿದ್ರಿ. ಬಿ.ಪಿ. ಬರೋಕೆ ಉಪ್ಪು, ತೂಕ, ವಂಶ ಅಂತ ನೂರೆಂಟು ಕಾರಣ. ಆದ್ರೆ ಒತ್ತಡ ತುಂಬಾ ಕಾಲ ಹೆಚ್ಚಾಗೇ ಇದ್ರೆ, ಆ ನರಗಳು ಅದನ್ನೇ ಸರಿ ಅಂತ ಒಪ್ಪಿಕೊಂಡುಬಿಡ್ತವೆ. 'ಇಳಿಸು' ಅನ್ನೋ ಸುದ್ದಿ ಕೊಡೋದು ಬಿಡ್ತವೆ. ನಿಮಗೂ ಏನೂ ಅನ್ನಿಸಲ್ಲ."

ನಮ್ಮನೆಯವರು ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಅವರು ಭಟ್ಟಿಯಿಂದ ತೆಗೆದ ಬನ್ನನ್ನು ಬರಿಗೈಯಲ್ಲಿ ಹಿಡಿದು ಕೊಡುತ್ತಾರೆ. ಗಿರಾಕಿಗಳು ಅದನ್ನು ಆ ಕೈಯಿಂದ ಈ ಕೈಗೆ ಹಾರಿಸುತ್ತಾ 'ಹಾ ಹಾ' ಅನ್ನುತ್ತಾರೆ.

"ನನ್ನ ಕೈಗೆ ಬಿಸಿ ಗೊತ್ತಾಗಲ್ಲ" ಎಂದರು ಮೆಲ್ಲಗೆ. "ಹಾಗಂತ ಬನ್ನು ತಣ್ಣಗಿರಲ್ಲ. ಹಾಗೇನಾ?"

"ಹಾಗೇ ಭಾವ. ಗೊತ್ತಾಗದೇ ಇರೋದಕ್ಕೇ ಮಾತ್ರೆ ಬೇಕಾಗಿರೋದು. ಅದನ್ನ ನೀವಾಗೇ ನಿಲ್ಲಿಸಬೇಡಿ. ಡಾಕ್ಟರಿಗೆ ಬಿದ್ದ ವಿಷಯ ಹೇಳಿ, ಅವರು ದಾರಿ ತೋರಿಸ್ತಾರೆ. ಇವತ್ತೇ ಹೋಗೋಣ."

ಹೋದೆವು. ಡಾಕ್ಟರು ಇಸಿಜಿ ತೆಗೆಸಿ, ಎಲ್ಲ ಕೇಳಿ, ಒಂದು ಮಾತ್ರೆ ಬದಲಿಸಿದರು, ಇನ್ನೊಂದನ್ನು ಬೇರೆ ಹೊತ್ತಿಗೆ ನುಂಗಲು ಹೇಳಿದರು. ಹೃದಯ, ಮೂತ್ರಪಿಂಡ ಎರಡೂ ಚೆನ್ನಾಗಿರುವುದರಿಂದ ಕೆಲಸದ ನಡುನಡುವೆ ಧಾರಾಳವಾಗಿ ನೀರು ಕುಡಿಯಬಹುದು ಎಂದರು. ನಮ್ಮನೆಯವರು ತಲೆ ಕೆರೆದುಕೊಂಡರು.

"ಆಗ ಭಟ್ಟಿ ಯಾರು ನೋಡ್ಕೊಳ್ತಾರೆ?"

"ನಾನಿಲ್ವಾ?" ಎಂದೆ. "ಮದುವೆಯಾದಾಗಿನಿಂದ ಆ ಹಲಗೆ ನೋಡ್ತಾನೇ ಇದೀನಿ. ಒಂದು ಸಲ ಮುಟ್ಟೋಕೆ ಕೊಡಿ."

ಮರುದಿನ ಅವರು ನೀರು ಕುಡಿದರು. ಆಮೇಲೆ ಏಳಲೇಬೇಕಾಯಿತು. ಹಲಗೆಯನ್ನು ನನ್ನ ಕೈಗೆ ಕೊಟ್ಟು, ಹೆಣ್ಣು ಒಪ್ಪಿಸಿದ ತಂದೆಯ ಹಾಗೆ ತಿರುತಿರುಗಿ ನೋಡುತ್ತಾ ಹೋದರು. ಮೊದಲ ದಿನದ ಬನ್ನುಗಳು ಒಂಚೂರು ಕಪ್ಪಾದವು, ಒಪ್ಪಿಕೊಳ್ಳುತ್ತೇನೆ. ಅವರು ಅದರಲ್ಲೇ ಒಂದನ್ನು ಮುರಿದು ಬಾಯಿಗಿಟ್ಟು, "ಚೆನ್ನಾಗಿದೆ ಕಣೇ" ಎಂದರು. ನನ್ನ ಕಣ್ಣು ತುಂಬಿ ಬಂತು. ಹಿಂದಿನ ದಿನ ಎಡಕ್ಕೆ ವಾಲಿದ್ದರೆ, ಚೆನ್ನಾಗಿದೆ ಅನ್ನಲು ಅವರೆಲ್ಲಿರುತ್ತಿದ್ದರು?

ಈಗ ಅವರು ಕೆಲಸ ಮುಗಿದ ಕೂಡಲೇ ಏಳುವುದಿಲ್ಲ. ಮಣೆಯನ್ನು ಹಿಂದಕ್ಕೆ ಎಳೆದುಕೊಂಡು, ಪಾದ ಮೇಲೆ ಕೆಳಗೆ ಆಡಿಸಿ, ಗೋಡೆಗೆ ಹಾಕಿಸಿದ ಕಬ್ಬಿಣದ ಹಿಡಿಕೆ ಹಿಡಿದು ಮೆಲ್ಲಗೆ ಏಳುತ್ತಾರೆ. ಎದ್ದ ಮೇಲೂ ಒಂದು ಗಳಿಗೆ ಅಲ್ಲೇ ನಿಲ್ಲುತ್ತಾರೆ. "ಏನ್ರೀ ಯೋಚನೆ?" ಎಂದರೆ, "ಪಾಪ, ಒಳಗಿರೋರು ರಕ್ತ ಹತ್ತಿಸ್ತಿದಾರೆ, ಅವರಿಗೂ ಸ್ವಲ್ಪ ಸಮಯ ಬೇಕಲ್ಲ" ಅನ್ನುತ್ತಾರೆ. ಹುಟ್ಟಿದಾಗಿನಿಂದ ಒಂದು ದಿನವೂ ರಜೆ ಕೇಳದೆ ದುಡಿದವರಿಗೆ ಅಷ್ಟಾದರೂ ಸಲ್ಲಬೇಕು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರೋ ಎದ್ದಾಗ ಗೋಡೆ ಹಿಡಿದುಕೊಳ್ಳುತ್ತಿರಬಹುದು, ಏನಿಲ್ಲ ಅನ್ನುತ್ತಿರಬಹುದು. ಅವರನ್ನು ಬಿಡಬೇಡಿ, ಬಾಯಿ ಬಿಡಿಸಿ ಕೇಳಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬಿ.ಪಿ.ಯನ್ನು ಕೂತಾಗಲೂ ನಿಂತಾಗಲೂ ನೋಡಿಸಿ. ಮಾತ್ರೆಯನ್ನು ನೀವಾಗೇ ಬಿಡಬೇಡಿ. ಬಿಸಿಲಲ್ಲಿ, ಬೆಂಕಿಯ ಮುಂದೆ ದುಡಿಯುವವರು ಎಷ್ಟು ನೀರು ಕುಡಿಯಬಹುದೆಂದು ಕೇಳಿ ತಿಳಿದುಕೊಂಡು ಕುಡಿಯಿರಿ. ಹಾಸಿಗೆಯಿಂದಾಗಲಿ ಮಣೆಯಿಂದಾಗಲಿ ದಡಕ್ಕನೆ ಏಳಬೇಡಿ. ಆ ದಿನ ನಮ್ಮವರು ಬಿದ್ದ ಕಡೆ ಒಂದು ಮೂಟೆ ಇತ್ತು. ಎಲ್ಲರ ಪಕ್ಕದಲ್ಲೂ ಮೂಟೆ ಇರುವುದಿಲ್ಲ.